ಸಂದರ್ಶನದಲ್ಲಿ ಏನು ಕಾಣುತ್ತೆ?



ಅಟ್ಟದ ಕಾಯಿ ಒಣಗಿದೆಯಾ ಅಂತ ನಾವು ಹೇಗೆ ನೋಡ್ತೀವಿ? ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತೀವಿ. ಒಳಗೆ ಗಿಟುಕು ಆಡಿದ ಸದ್ದು ಬಂದರೆ ಒಣಗಿದೆ. ಆದರೆ ಕೊಬ್ಬರಿ ಬೆಳ್ಳಗಿದೆಯೋ, ಕೆಟ್ಟಿದೆಯೋ? ಅದು ಒಡೆದ ಮೇಲೇ ಗೊತ್ತು.

ಕೆಲಸದ ಸಂದರ್ಶನವೂ ಹೀಗೇ. ಎದುರಿಗೆ ಕೂರಿಸಿ ನಾಲ್ಕು ಮಾತು ಕೇಳುತ್ತಾರೆ. ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುತ್ತಾಳಾ? ತಿಳಿಯದ್ದನ್ನು "ಗೊತ್ತಿಲ್ಲ ಸಾರ್" ಅನ್ನುತ್ತಾಳಾ? ಇಷ್ಟು ಕಾಣುತ್ತೆ. ಗೊತ್ತಿಲ್ಲ ಅನ್ನೋದು ತಪ್ಪಲ್ಲ. ಬಾಯಿಗೆ ಬಂದದ್ದು ಹೇಳೋದು ತಪ್ಪು.

ಕಾಣದ್ದೇ ಬಹಳ. ಡೈರಿಯಲ್ಲಿ ಹಾಲು ಅಳೆಯುವಾಗ ಮೋಸ ಮಾಡಲ್ಲವಾ? ಅಂಗನವಾಡಿಯಲ್ಲಿ ಅಳುವ ಮಗುವನ್ನು ಎತ್ತಿಕೊಳ್ಳುತ್ತಾಳಾ? ಇದು ಮುಖದ ಮೇಲೆ ಬರೆದಿರಲ್ಲ. ಹೆದರಿ ತಡವರಿಸಿದವಳು ದಡ್ಡಿ, ಪಟಪಟ ಮಾತಾಡಿದವಳು ಜಾಣೆ ಅಂತಾರೆ. ನಾವು ಇದನ್ನು ಒಪ್ಪಲ್ಲ. "ಗಂಡ ಏನು ಮಾಡ್ತಾನೆ? ಇನ್ನೊಂದು ಮಗು ಬೇಕಾ?" ಅಂತಲೂ ಕೇಳ್ತಾರೆ. ಅದಕ್ಕೂ ಕೆಲಸಕ್ಕೂ ಏನು ಸಂಬಂಧ?

ಸಂದರ್ಶನ ಅಂದರೆ ಶಿಫಾರಸು, ಲಂಚ ಅನ್ನೋ ದೂರು ಹಳೆಯದು. ಅದಕ್ಕೇ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ತನ್ನ ಕೆಳ ಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆಯಿತು. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಬೇಕಾದರೆ ಮಷಿನ್ ಮುಂದೆ ಕೂರಿಸಿ ತುಂಡು ಬಟ್ಟೆ ಕೊಡುತ್ತಾರೆ. ಹೊಲಿಗೆ ನೇರ ಬಂತಾ ನೋಡುತ್ತಾರೆ. ಇದು ಕಾಯಿ ಒಡೆದು ನೋಡಿದ ಹಾಗೆ. ನಮಗೆ ಇದೇ ಸರಿ ಅನ್ನಿಸುತ್ತೆ.

ಸಂದರ್ಶನದ ಕಾಗದ ಬಂದರೆ ನೀವೇ ಓದಿ. ತಾರೀಖು, ಜಾಗ ನೋಡಿಕೊಳ್ಳಿ. ದುಡ್ಡು ಕೊಟ್ಟರೆ ಕೆಲಸ ಅಂದವರಿಗೆ ಒಂದು ಪೈಸೆ ಕೊಡಬೇಡಿ. ಸಂಬಳ ಎಷ್ಟು, ರಜೆ ಎಷ್ಟು ಅಂತ ನೀವೂ ಕೇಳಿ. ಅವರು ನೇರ ಉತ್ತರ ಕೊಡ್ತಾರಾ, ಮಾತು ಮರೆಸ್ತಾರಾ? ಅದನ್ನೂ ನೋಡಿಕೊಳ್ಳಿ.