ಮಕ್ಕಳ ಆರೋಗ್ಯ ವಿಮೆಯೂ ತೆರಿಗೆಯ ಲೆಕ್ಕವೂ
(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಶುಭದಿನ ಇವನು ತೆರಿಗೆಯ ಮಾತು ಯಾಕೆ ತೆಗೀತಾನೆ ಅಂತ ನಿಮಗೆ ಅನ್ನಿಸಬಹುದು. ಮಗುವಿಗೆ ಕಾಯಿಲೆಯಾಗಿ ಆಸ್ಪತ್ರೆ ಬಿಲ್ಲು ಕೈಗೆ ಬಂದ ಮೇಲೆ ಒಡವೆ ಅಡವಿಡಲು ಓಡುತ್ತೇವೆ. ಅದಕ್ಕೆ ಮೊದಲೇ ವಿಮೆಯ ವಿಷಯ ಕೇಳುವವರು ಕಡಿಮೆ. ಅದಕ್ಕೇ ಈ ನಾಲ್ಕು ಮಾತು.

ವಿಮೆಗೆ ತೆರಿಗೆಯ ಸಂಬಂಧ ಎರಡು ಕಡೆಯಿಂದ. ಒಂದು, ಆದಾಯ ತೆರಿಗೆಯಲ್ಲಿ ಕೊಡುವ ವಿನಾಯಿತಿ. 1961ರ ಕಾಯಿದೆಯಲ್ಲಿ 80-ಡಿ ಎಂದು ಹೆಸರಾದ ಇದರಲ್ಲಿ, ಅರವತ್ತು ತುಂಬದವರು ತನಗೆ, ಗಂಡ ಅಥವಾ ಹೆಂಡತಿಗೆ, ಅವಲಂಬಿತ ಮಕ್ಕಳಿಗೆ ಕಟ್ಟಿದ ಕಂತನ್ನು ವರ್ಷಕ್ಕೆ 25,000 ರೂ.ವರೆಗೆ ಆದಾಯದಲ್ಲಿ ಕಳೆಯಬಹುದಿತ್ತು. ಮಗು ಒಂದಿದ್ದರೂ ಮೂರಿದ್ದರೂ ಮಿತಿ ಅಷ್ಟೇ. ಕೃಷಿ ಆದಾಯಕ್ಕೆ ಈ ತೆರಿಗೆಯೇ ಇಲ್ಲ; ತೆರಿಗೆಯೇ ಕಟ್ಟದ ರೈತನಿಗೆ ವಿನಾಯಿತಿ ಕೊಟ್ಟು ಏನು ಬಂತು? 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಸಾಮಾನ್ಯ ಪದ್ಧತಿಯಾಯಿತು. ಅದರಲ್ಲಿ ಈ ವಿನಾಯಿತಿ ಇಲ್ಲದ್ದರಿಂದ, ಅದರಲ್ಲೇ ಉಳಿದ ನೌಕರರಿಗೂ ಇದು ತಪ್ಪಿತು.

ಎರಡನೆಯದು ಕಂತಿನ ಮೇಲೇ ಬೀಳುವ ತೆರಿಗೆ. 2017ರ ಜುಲೈಯಿಂದ ಶೇ. 18 ಜಿ.ಎಸ್.ಟಿ. ಇತ್ತು. 12,000 ರೂ. ಕಂತಿಗೆ ತೆರಿಗೆಯೇ 2,160 ರೂ. ಇದು ಶ್ರೀಮಂತ, ಬಡವ ಅಂತ ನೋಡುತ್ತಿರಲಿಲ್ಲ. ಕೈ ಬಿಗಿಯಾದಾಗ ಮನೆಯಲ್ಲಿ ಮೊದಲು ಬಿಡುವುದು ಮಕ್ಕಳ ಹೆಸರನ್ನೇ. 'ಗಟ್ಟಿಮುಟ್ಟಾಗಿದಾವೆ, ಏನಾಗುತ್ತೆ ಬಿಡಿ' ಅಂತೀವಿ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಹಾಗೂ ಕುಟುಂಬದ ಆರೋಗ್ಯ ಪಾಲಿಸಿಗಳಿಗೆ ಈ ತೆರಿಗೆ ತೆಗೆದುಹಾಕಿದರು. ಗುಂಪು ವಿಮೆಗೆ ಈ ಸೌಲಭ್ಯ ಕೊಡಲಿಲ್ಲ. ಇಲ್ಲೊಂದು ಎಚ್ಚರ: ಕಂಪನಿಗಳು ತಮ್ಮ ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ಮೊದಲಿನಂತೆ ವಜಾ ಮಾಡಿಕೊಳ್ಳುವಂತಿಲ್ಲ, ಹಾಗಾಗಿ ಮೂಲ ಕಂತನ್ನೇ ಏರಿಸುವ ಸಂಭವವುಂಟು. ಹಳೆಯ ರಸೀದಿ, ಹೊಸ ರಸೀದಿ ಪಕ್ಕಪಕ್ಕ ಇಟ್ಟು ನೋಡಿ.

ಉಳಿತಾಯವಾದ ಹಣ ಎಲ್ಲಿಗೆ ಹೋಗಬೇಕು? ಬಿಟ್ಟುಹೋದ ಮಗುವಿನ ಹೆಸರು ಸೇರಿಸುವುದಕ್ಕೆ. ಇದು ನನ್ನ ವಿನಂತಿ.

ಕಂಪನಿ ವಿಮೆ ಕೊಳ್ಳಲಾಗದವರಿಗೆ ಸಹಕಾರಿಗಳ ಸ್ವಂತದ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2022-23ರಲ್ಲಿ ಮತ್ತೆ ಜೀವ ಪಡೆಯಿತು. ಆಗ ಗ್ರಾಮೀಣ ಕುಟುಂಬದ ನಾಲ್ವರಿಗೆ 500 ರೂ., ಹೆಚ್ಚಿನ ಪ್ರತಿಯೊಬ್ಬರಿಗೆ 100 ರೂ. ಗೊತ್ತುಮಾಡಿದ್ದರು, ಚಿಕಿತ್ಸೆ ಕುಟುಂಬಕ್ಕೆ 5 ಲಕ್ಷ ರೂ.ವರೆಗೆ. ಆ ನೂರು ರೂಪಾಯಿ ಉಳಿಸಲು ಐದನೆಯವನಾದ ಮಗನನ್ನು ಬಿಟ್ಟರೆ, ಆಸ್ಪತ್ರೆ ಬಾಗಿಲಲ್ಲಿ ಆ ನೂರು ಯಾವ ಲೆಕ್ಕಕ್ಕೆ?

ಬಿ.ಪಿ.ಎಲ್. ಕಾರ್ಡಿನವರಿಗೆ ಸರ್ಕಾರದ ಯೋಜನೆ ಇದೆ, ಕಂತೂ ಇಲ್ಲ, ತೆರಿಗೆಯೂ ಇಲ್ಲ. ಆದರೆ ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರಿಸುವುದನ್ನು ಮರೆಯಬೇಡಿ.

ತೆರಿಗೆ ಇಳಿಸುವುದು ದಿಲ್ಲಿಯ ಕೆಲಸ. ಹೆಸರು ಬರೆಸುವುದು ನಮ್ಮ ಕೆಲಸ. ಮುಂದಿನ ನೋಂದಣಿ ಬಂದಾಗ ಸಂಘದ ಒಂದು ಮಗುವೂ ಪಟ್ಟಿಯಿಂದ ಹೊರಗುಳಿಯದಿರಲಿ. ರಜತ ಮಹೋತ್ಸವಕ್ಕೆ ಅದಕ್ಕಿಂತ ಒಳ್ಳೆಯ ಕಾಣಿಕೆ ಬೇರೆ ಬೇಡ.