ಹಟ್ಟಿ ಖಾಲಿಯಾದ ಮೇಲೆ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮಾಷ್ಟ್ರು ಸಂಜೆ ಶಾಲೆ ಬಿಟ್ಟ ಮೇಲೆ ತೋಟದ ದಾರಿ ಹಿಡಿದು ಹೋಗಿ, ಒಂಟಿ ಮುದುಕರಿಗೆ ಮಕ್ಕಳ ಕಾಗದ ಓದಿ ಹೇಳುತ್ತಿದ್ದರು. ಅವರ ನೆನಪಿನಲ್ಲಿ ಒಂಟಿ ಮುದುಕರ ವಿಷಯವನ್ನೇ ಮಾತಾಡಲು ಕರೆದದ್ದು ನನ್ನ ಭಾಗ್ಯ.

ಹಿರಿಯ ನಾಗರಿಕರ 2007ರ ಕಾಯ್ದೆ, ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ, 14567 ಸಹಾಯವಾಣಿ, ಇವುಗಳ ವಿವರ ತಾಲೂಕು ಕಚೇರಿಯಲ್ಲೇ ಸಿಗುತ್ತದೆ. ಒಂದು ಮಾತು ಮಾತ್ರ: ಕಾಯ್ದೆ ಹುಡುಕುವುದು ಹೆತ್ತವರನ್ನು ಕೈಬಿಟ್ಟ ಮಗನನ್ನು. ನಮ್ಮ ಕಡೆಯ ಹೆಚ್ಚಿನ ಮಕ್ಕಳು ಬೆಂಗಳೂರಿನಿಂದ ದಿನಾ ರಾತ್ರಿ ಫೋನ್ ಮಾಡುವವರು. ಅಡಿಕೆ ಕೊಯ್ಲಿಗೆ, ಬೋರ್ಡೋ ಮದ್ದು ಬಿಡುವುದಕ್ಕೆ ಜನ ಸಿಗದ ಕಷ್ಟ, ಸಂಪಾಜೆ, ಅರಂತೋಡು ಕಡೆಯ ಹಳದಿ ಎಲೆ ರೋಗ, ಇವನ್ನೂ ಬೇರೆಯವರು ಸಾಕಷ್ಟು ಬರೆದಿದ್ದಾರೆ.

ನಾನು ಹೇಳಬೇಕಾದ್ದು ದನದ ವಿಷಯ.

ಘಟ್ಟದ ಮೇಲಿನಂತೆ ಪುತ್ತೂರು, ಸುಳ್ಯ, ಕಡಬಗಳಲ್ಲಿ ಮನೆಗಳು ಒತ್ತಾಗಿಲ್ಲ. ಅವರವರ ತೋಟದ ನಡುವೆ ಅವರವರ ಮನೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ನೆರೆಯವರಿಲ್ಲ. ಹಾಗಿದ್ದೂ ಬೆಳಗ್ಗೆ, ಸಂಜೆ ಮುದುಕರನ್ನು ಮನೆಯಿಂದ ಹೊರಡಿಸುತ್ತಿದ್ದದ್ದು ಹಾಲಿನ ಡೈರಿ. ಕೆಲವು ವರ್ಷಗಳಿಂದ ನಾನು ಡೈರಿಗಳ ಜಗಲಿಯಲ್ಲಿ ಕೂತು ನೋಡಿದ್ದೇನೆ. ಕೊಂಬಾರು ಕಡೆ ಒಬ್ಬ ಅಜ್ಜಿ ಒಂದೂವರೆ ಲೀಟರ್ ಹಾಲು ಹಿಡಿದು ಕಾಲುಸಂಕ ದಾಟಿ ಬರುತ್ತಿದ್ದರು. "ನಿನ್ನೆ ಸಂಜೆ ಯಾಕೆ ಬರಲಿಲ್ಲ ಅಜ್ಜಿ?" ಎಂದು ಡೈರಿಯ ಕಾರ್ಯದರ್ಶಿ ಕೇಳಿದರು. "ದನ ಒದ್ದಿತು ಮಾರಾಯ." ಕಾರ್ಯದರ್ಶಿ ಅಜ್ಜಿಯ ಬಾತ ಪಾದ ನೋಡಿದವರೇ ರಿಕ್ಷಾ ಕರೆಸಿದರು. ಮುಂದೆ ಅಜ್ಜಿ ಆ ದನವನ್ನು ಮಾರಿದರು. ಮರುವರ್ಷ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದದ್ದು ಗೊತ್ತಾದದ್ದು ಮಾರನೆಯ ದಿನ, ಅಡಿಕೆ ಹೆಕ್ಕಲು ಬಂದವಳಿಗೆ.

ಒಂಟಿ ಮುದುಕರನ್ನು ಊರಿನ ಕಣ್ಣಿಗೆ ಬೀಳಿಸುತ್ತಿದ್ದದ್ದು ದನ ಎಂಬ ನನ್ನ ವಾದವನ್ನು ಸಮಾಜಕಾರ್ಯದ ಕೆಲವು ಮಿತ್ರರು ಒಪ್ಪುವುದಿಲ್ಲ. ಎಪ್ಪತ್ತು ದಾಟಿದವರಿಗೆ ದನ ಹೊರೆ, ಮಾರಿ ಕ್ಯಾಮೆರಾ ಹಾಕಿಸಿ, ಆಗದಿದ್ದರೆ ವೃದ್ಧಾಶ್ರಮ ಎನ್ನುತ್ತಾರೆ. ಮಂಡಿನೋವಿನವರಿಗೆ ಹಟ್ಟಿ ಬಾಚುವುದು ಹಿಂಸೆ, ನಿಜ. ಆದರೆ ಇವರು ದನದ ಲೆಕ್ಕವನ್ನು ಹಾಲಿನ ದುಡ್ಡಿನಲ್ಲೇ ಮುಗಿಸುತ್ತಾರೆ. ಆಟಿಯ ಮಳೆಗೆ ಕರೆಂಟು ಹೋದರೆ ಕ್ಯಾಮೆರಾವೂ ಹೋಯಿತು. ಕರೆಂಟು ಇದ್ದರೂ ಬಿದ್ದವರನ್ನು ಅದು ಎತ್ತೀತೇ? ಆಶ್ರಮದ ಮಾತು ಇನ್ನೂ ದುಡುಕಿನದು. ಅಟ್ಟದಲ್ಲಿ ನಾಲ್ಕು ಚೀಲ ಚಾಲಿ ಅಡಿಕೆ ಇಟ್ಟುಕೊಂಡು, ಬೇಕಾದಾಗ ಒಂದು ಚೀಲ ಮಾರಿ ಯಾರ ಮುಂದೆಯೂ ಕೈಚಾಚದೆ ಬದುಕಿದವರನ್ನು ಹಾಸಿಗೆ ನಂಬರಿನವರನ್ನಾಗಿ ಮಾಡುವುದು ಆಸರೆಯಲ್ಲ.

ದನ ಮಾರಲಿ, ಡೈರಿಯ ನಂಟು ಕಡಿಯಬಾರದು. ಈಗ ಹಾಲು ಹಾಕದವರ ಹೆಸರು ಡೈರಿಯ ಪುಸ್ತಕದಿಂದ ಬಿಟ್ಟುಹೋಗುತ್ತದೆ. ಅವರಿಗೆಂದೇ ಇನ್ನೊಂದು ಪುಸ್ತಕ ಇರಲಿ. ಅವರ ಮನೆಯ ದಾರಿಯಲ್ಲಿ ಹಾಲು ತರುವವರು ಅಂಗಳದಿಂದ ಕರೆದು, ಓ ಎಂದರೆ ಗುರುತು ಹಾಕಲಿ. ಮದ್ದಿನ ಚೀಟಿ ಇದ್ದರೆ ತರಲಿ. ಕರೆದವರಿಗೆ ಹಾಲಿನ ಸಂಘ ಸಣ್ಣ ಸಂಬಳ ಕೊಡಲಿ, ಆ ದುಡ್ಡನ್ನು ಬೆಂಗಳೂರಿನ ಮಗ ಕಟ್ಟಲಿ.

ಇದು ಸಂಘದ ಕೆಲಸವಲ್ಲ, ಆಡಿಟ್ ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಊರಿನ ಬಗ್ಗೆ ಕಾಳಜಿ ಎಂಬುದು 1995ರಿಂದ ಜಗತ್ತಿನ ಸಹಕಾರಿಗಳು ಒಪ್ಪಿದ ಏಳನೆಯ ತತ್ವ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ ಕಟ್ಟಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ನೆಲದವರಿಗೆ ಒಂದು ಪುಸ್ತಕ ಇಡುವುದು ಅಸಾಧ್ಯ ಎಂದರೆ ನಾನು ನಂಬಲಾರೆ.

ಮಾಷ್ಟ್ರ ಊರಿನ ಡೈರಿಯ ನಿರ್ದೇಶಕರು ಈ ಸಭೆಯಲ್ಲಿದ್ದೀರಿ. ಗೆರೆ ಎಳೆದ ಪುಸ್ತಕ ತಂದಿದ್ದೇನೆ; ದನ ಮಾರಿದವರ ಹೆಸರನ್ನು ಇಂದೇ ಬರೆಯೋಣ.