ಅಂಧರ ಗಣಕಯಂತ್ರವೂ ಸಮೀಪದ ಜಾಲವೂ



ಕಣ್ಣುಳ್ಳವನ ಗಣಕಯಂತ್ರವು ಕೆಟ್ಟಾಗ ತೆರೆಯ ಮೇಲೆ ಏನಾದರೊಂದು ಕುರುಹು ಉಳಿದಿರುವುದು. ಅಕ್ಷರಗಳು ಅಲುಗದೆ ನಿಂತಿರಬಹುದು, ತಪ್ಪಿನ ಸೂಚನೆ ಮೂಡಿರಬಹುದು, ತೆರೆಯೇ ಕಪ್ಪಾಗಿರಬಹುದು. ಅದನ್ನು ನೋಡಿ ಅವನು ಮುಂದಿನ ಉಪಾಯವನ್ನು ಯೋಚಿಸುವನು. ಅಂಧನಿಗಾದರೋ ಯಂತ್ರದೊಡನೆ ಇರುವ ವ್ಯವಹಾರವೆಲ್ಲ ಸ್ಕ್ರೀನ್ ರೀಡರ್ ಎಂಬ ವಾಚಕ ತಂತ್ರಾಂಶದ ಮೂಲಕವೇ. ಅದರ ಧ್ವನಿ ನಿಂತರೆ, ನಿಂತಿತೆಂದು ಹೇಳುವವರೇ ಇಲ್ಲ. ಯಂತ್ರವೇ ಸ್ತಬ್ಧವಾಯಿತೋ, ವಾಚಕವು ಕುಸಿಯಿತೋ, ಜಾಲವು ಕಡಿಯಿತೋ, ಕಿವಿಗೆ ಹಚ್ಚಿದ ತಂತಿ ಸಡಲಿತೋ, ಎಲ್ಲವೂ ಅವನಿಗೆ ಒಂದೇ ಮೌನ. ಬೆರಳಿನ ಕೆಳಗೆ ಬ್ರೈಲ್ ಫಲಕವಿದ್ದರೂ ಅದಕ್ಕೆ ಅಕ್ಷರಗಳನ್ನು ಒದಗಿಸತಕ್ಕುದು ಅದೇ ವಾಚಕವಷ್ಟೆ!

ಆದುದರಿಂದ ಧ್ವನಿಯು ಎಷ್ಟು ಮಧುರವೆಂಬುದಕ್ಕಿಂತ ಅದು ಎಲ್ಲಿ ಹುಟ್ಟುವುದೆಂಬುದನ್ನು ಮೊದಲು ವಿಚಾರಿಸಬೇಕು. ಆಸ್ಟ್ರೇಲಿಯಾ ದೇಶದ ಮೈಕೇಲ್ ಕರ್ರನ್ ಎಂಬವರು, ತಾವೇ ಅಂಧರು, 2006ನೆಯ ಇಸವಿಯಲ್ಲಿ ಎನ್‌ವಿಡಿಎ ಎಂಬ ವಾಚಕವನ್ನು ರಚಿಸತೊಡಗಿದರು. ಅವರಂತೆಯೇ ಅಂಧರಾದ ಜೇಮ್ಸ್ ಟೆಹ್ ಎಂಬ ಮಿತ್ರರು ಬಂದು ಕೂಡಿದರು. ಅದಕ್ಕೆ ಬೆಲೆಯಿಲ್ಲ, ಚಿಕ್ಕದೊಂದು ಪೆನ್ ಡ್ರೈವಿನಲ್ಲಿಟ್ಟುಕೊಂಡು ಪರರ ಯಂತ್ರದಲ್ಲಿಯೂ ನಡೆಸಬಹುದು. ಅದರೊಡನೆ ಬರುವ ಈ-ಸ್ಪೀಕ್ ಎಂಬ ಧ್ವನಿಯು ಕನ್ನಡವನ್ನೂ ಓದಬಲ್ಲುದು. ಅದರ ಉಚ್ಚಾರಣೆ ಒರಟೆಂದು ಮೂಗು ಮುರಿಯುವವರುಂಟು. ಆದರೆ ಆ ಒರಟು ಧ್ವನಿಯು ಯಂತ್ರದೊಳಗೇ ಹುಟ್ಟುವುದರಿಂದ ಜಾಲವು ಕಡಿದ ದಿನವೂ ಮಾತನಾಡುವುದು. ದೂರದ ಸರ್ವರಿನಲ್ಲಿ ಸಿದ್ಧವಾಗಿ ಬರುವ ಇಂಪಾದ ಧ್ವನಿಯು ಕಥೆಯನ್ನು ಕೇಳುವುದಕ್ಕೆ ಒಪ್ಪುವುದು. ಅಕ್ಷರಕ್ಕೊಂದು ಕೀಲಿಯನ್ನೊತ್ತಿ ಅಕ್ಷರಕ್ಕೊಂದು ಉತ್ತರವನ್ನು ಬಯಸುವವನಿಗೆ ಅರ್ಧ ಕ್ಷಣದ ವಿಳಂಬವೂ ಕೈಯ ನಡೆಯನ್ನು ಕೆಡಿಸುವುದು.

ಹಾಗೆಂದು ಜಾಲವೇ ಬೇಡವೆನ್ನಲಾಗದು. ಒಬ್ಬ ಅಂಧನ ಯಂತ್ರವನ್ನು ಮತ್ತೊಬ್ಬನು ಬೇರೆ ಕಡೆ ಕುಳಿತು ನಡೆಸುವುದಕ್ಕಾಗಿ ಕ್ರಿಸ್ಟೋಫರ್ ಟಾಥ್ ಮತ್ತು ಟೈಲರ್ ಸ್ಪೈವಿ ಎಂಬವರು 2015ರಲ್ಲಿ ಎನ್‌ವಿಡಿಎ ರಿಮೋಟ್ ಎಂಬ ಸಾಧನವನ್ನು ಮಾಡಿದರು. 2025ರ ಆವೃತ್ತಿಯಿಂದ ಅಂಥ ಸೌಕರ್ಯವು ಎನ್‌ವಿಡಿಎಯೊಳಗೇ ಸೇರಿದೆ. ಇದರ ಜಾಣತನವು ಮೆಚ್ಚತಕ್ಕುದು. ಅತ್ತಣ ಯಂತ್ರವು ಶಬ್ದವನ್ನು ಕಳುಹಿಸುವುದಿಲ್ಲ, ತೆರೆಯ ಚಿತ್ರವನ್ನೂ ಕಳುಹಿಸುವುದಿಲ್ಲ. ನುಡಿಯಬೇಕಾದ ಪದಗಳನ್ನು ಮಾತ್ರ ಕಳುಹಿಸುವುದು. ಕೇಳುವವನ ಯಂತ್ರವು ಅವನ್ನು ತನ್ನದೇ ಧ್ವನಿಯಲ್ಲಿ ನುಡಿಯುವುದು. ಹೊರೆ ಅಲ್ಪವಾದುದರಿಂದ ಬಡ ಸಂಪರ್ಕವೂ ಸಾಕಾಗುವುದು. ಸಂಪರ್ಕವು ಕಡಿದರೆ ಅದನ್ನು ತಿಳಿಸುವುದಕ್ಕೆ ಇತ್ತಣ ಧ್ವನಿಯು ಬದುಕಿಯೇ ಇರುವುದು.

ಒಂದೇ ಕೋಣೆಯಲ್ಲಿ ಕುಳಿತ ಗುರುಶಿಷ್ಯರು ಸಹ ಅನೇಕವೇಳೆ ದೂರದ ಸರ್ವರಿನ ಮೂಲಕವೇ ಕೂಡುತ್ತಾರೆ. ಪಕ್ಕದ ಮನೆಗೆ ಹೋಗಲು ಊರನ್ನು ಬಳಸಿದಂತೆ! ಎರಡು ಯಂತ್ರಗಳಲ್ಲೊಂದನ್ನೇ ಸರ್ವರನ್ನಾಗಿ ಮಾಡಿದರೆ ಹೊರಗಿನ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಸಾಗುವುದು. ಆದರೆ ಈ ಮಾರ್ಗದಲ್ಲಿಯೂ ಮುಳ್ಳುಗಳುಂಟು. ರೂಟರು ತನ್ನ ಕೆಳಗಿನ ಯಂತ್ರಗಳಿಗೆ ಅಂಕಿಗಳ ವಿಳಾಸವನ್ನು ಹಂಚುವುದು. ಆ ಹಂಚಿಕೆ ಸ್ಥಿರವಲ್ಲ. ನಿನ್ನೆ 5ರಲ್ಲಿ ಮುಗಿದ ವಿಳಾಸವು ಇಂದು 9ರಲ್ಲಿ ಮುಗಿಯಬಹುದು. ಆಗ ತಂತ್ರಾಂಶವೇ ಕೆಟ್ಟಿತೆಂದು ಶಿಷ್ಯನು ಅದನ್ನು ನಿಷ್ಕಾರಣವಾಗಿ ದೂರುವನು. ರೂಟರಿನಲ್ಲಿ ಆ ಯಂತ್ರಕ್ಕೆ ಒಂದೇ ವಿಳಾಸವನ್ನು ಕಾದಿರಿಸತಕ್ಕುದು. ಆ ಕೆಲಸದ ಪುಟದಲ್ಲಿಯೇ ಹೆಸರಿಲ್ಲದ ಗುಂಡಿಗಳಿದ್ದು ವಾಚಕವು ತೊದಲುವುದೂ ಉಂಟು. ಅಲ್ಲಿ ಕಣ್ಣುಳ್ಳವರು ಒಮ್ಮೆ ನೆರವಾದರೆ ಸಾಕು. ಸರ್ವರಾದ ಯಂತ್ರದ ಫೈರ್‌ವಾಲಿನಲ್ಲಿ 6837ನೆಯ ದ್ವಾರವು ತೆರೆದಿರಬೇಕು. ಅತಿಥಿಗಳಿಗೆಂದು ಇಟ್ಟ ವೈಫೈಯಲ್ಲಿ ಯಂತ್ರಗಳು ಒಂದನ್ನೊಂದು ಕಾಣದಂತೆ ಬೇರ್ಪಡಿಸಿರುವುದೂ ಉಂಟು. ಅಲ್ಲಿ ಎಷ್ಟು ಹೆಣಗಿದರೂ ವ್ಯರ್ಥ.

ಸ್ಥಳೀಯ ಜಾಲದ ಮತ್ತೊಂದು ಅಪಾಯವು ಅನುಜ್ಞೆಯದು. ಟೆಡ್ ಹೆಂಟರ್ ಎಂಬ ಅಂಧರಿಂದ ಮೊದಲಾಗಿ 1989ರಲ್ಲಿ ಹೊರಬಂದ ಜಾಸ್ ಎಂಬುದು ಬೆಲೆಯುಳ್ಳ ವಾಚಕ. ದೊಡ್ಡ ವಿದ್ಯಾಲಯಗಳು ಅದರ ಅನುಜ್ಞೆಯನ್ನು ತಮ್ಮ ಸರ್ವರೊಂದರಲ್ಲಿಟ್ಟು ಯಂತ್ರಗಳಿಗೆ ಹಂಚಬಹುದು. ಅನುಜ್ಞೆಯು ದೊರೆಯದೆ ಹೋದರೆ ವಾಚಕವು 40 ನಿಮಿಷ ಮಾತ್ರ ನಡೆಯುವುದು. ಆಮೇಲೆ ಯಂತ್ರವನ್ನು ಹೊಸದಾಗಿ ಹೊತ್ತಿಸಬೇಕು. ಮೂರು ಗಂಟೆಯ ಪರೀಕ್ಷೆಗೆ ಕುಳಿತ ಅಂಧ ವಿದ್ಯಾರ್ಥಿಗೆ ಇದರ ಅರ್ಥವೇನೆಂಬುದನ್ನು ಸಭಾಸದರೇ ಊಹಿಸಬಹುದು. ಅವನು ಓದಿದ್ದೆಲ್ಲ ಸರಿಯಾಗಿದ್ದರೂ ಮೂಲೆಯ ಪೆಟ್ಟಿಗೆಯೊಂದರ ತಂತಿ ಸಡಲಿದುದಕ್ಕೆ ಅವನ ವರ್ಷವೇ ಹೋಗಬಹುದು. ಪರೀಕ್ಷಾಧಿಕಾರಿಗಳು ಮುನ್ನಾದಿನವೇ ಜಾಲದ ತಂತಿಯನ್ನು ಬೇಕೆಂದೇ ಕಿತ್ತು, ಪರೀಕ್ಷೆ ನಡೆಯುವಷ್ಟೂ ಹೊತ್ತು ವಾಚಕವು ಮಾತನಾಡುವುದೋ ಎಂದು ಕೇಳಿ ನೋಡತಕ್ಕುದು.

ಧ್ವನಿ ಅಡಗಿದಾಗ ಮಾಡತಕ್ಕ ಕ್ರಮವನ್ನು ಮೊದಲೇ ಬೆರಳಿಗೆ ಕಲಿಸಿರಬೇಕು. ಎನ್‌ವಿಡಿಎಯನ್ನು ಯಂತ್ರದಲ್ಲಿ ಸ್ಥಾಪಿಸಿದ್ದರೆ ಕಂಟ್ರೋಲ್, ಆಲ್ಟ್, ಎನ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಅದು ಸಾಮಾನ್ಯವಾಗಿ ಮರಳಿ ಏಳುವುದು. ಏಳದಿದ್ದರೆ ವಿಂಡೋಸ್, ಕಂಟ್ರೋಲ್, ಎಂಟರ್ ಕೀಲಿಗಳಿಂದ ವಿಂಡೋಸಿನಲ್ಲಿಯೇ ಇರುವ ನ್ಯಾರೇಟರ್ ಎಂಬ ಎರಡನೆಯ ವಾಚಕವನ್ನು ಎಬ್ಬಿಸಿ ಮೊದಲನೆಯದಕ್ಕೆ ಏನಾಯಿತೆಂದು ವಿಚಾರಿಸಬಹುದು. ಇವೆರಡಕ್ಕೂ ಜಾಲದ ಹಂಗಿಲ್ಲ. ದೂರದಿಂದ ನಡೆಸುತ್ತಿರುವಾಗ ಅತ್ತಣ ವಾಚಕವು ಕುಸಿದರೆ ಅದರೊಡನೆ ಸಂಪರ್ಕವೂ ಹೋಗುವುದರಿಂದ, ಆ ಮೂರು ಕೀಲಿಗಳನ್ನು ಒತ್ತುವವರೊಬ್ಬರು ಅಲ್ಲಿಯೇ ಇರಬೇಕು.